ಹೆಸರು ಹಿಡಿದು ಕರೆಯುವ ಎಪಿಸೋಡು

ಆಫೀಸಿನಲ್ಲಿ ಸ್ಕ್ರೀನ್ ಶೇರ್ ಮಾಡುವಾಗ ಎಲ್ಲರಿಗೂ ಒಂದೊಂದು ಭಯ ಇರುತ್ತೆ. ಕೆಲವರಿಗೆ ಬೇರೆ ಕೆಲಸ ಹುಡುಕುತ್ತಿರೋ ಟ್ಯಾಬು, ಕೆಲವರಿಗೆ ಶೇರು ಮಾರ್ಕೆಟ್ಟು. ನನಗೆ ನನ್ನ ವಾಲ್‌ಪೇಪರು. ದೊಡ್ಡ ದೊಡ್ಡ ಕಣ್ಣಿನ ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರದೂ ಸ್ಕೂಲ್ ಯೂನಿಫಾರ್ಮು, ಇಬ್ಬರ ಕೆನ್ನೆಯೂ ಟೊಮ್ಯಾಟೊ ಹಣ್ಣು. ಹೋದ ವರ್ಷ ಒಂದು ಸ್ಪ್ರಿಂಟ್ ರಿವ್ಯೂನಲ್ಲಿ ಅದು ಹದಿನಾಲ್ಕು ಜನರ ಮುಂದೆ ಪೂರ್ತಿ ಪರದೆಯ ಮೇಲೆ ಬಂದು ನಿಂತಿತು. ಎರಡು ಸೆಕೆಂಡು ಯಾರೂ ಮಾತಾಡಲಿಲ್ಲ. ಆಮೇಲೆ ಮ್ಯಾನೇಜರು, "ಮಗಳ ಲ್ಯಾಪ್‌ಟಾಪಾ?" ಅಂದರು.

ನನಗೆ ಮಗಳಿಲ್ಲ. ಮದುವೆಯೇ ಆಗಿಲ್ಲ. ಆದರೂ "ಹೂಂ ಸರ್, ಕಸಿನ್ ಮಗಳು ಹಾಕಿಬಿಟ್ಟಿದಾಳೆ" ಅಂದೆ.

ಅದು ಸುಳ್ಳು. ಇವತ್ತು ಒಪ್ಪಿಕೊಳ್ತೀನಿ. ಮೂವತ್ತು ದಾಟಿ ಆರು ವರ್ಷ ಆದಮೇಲೂ ನಾನು ಜಪಾನಿನ ರೊಮ್ಯಾಂಟಿಕ್ ಕಾಮಿಡಿ ಅನಿಮೆ ನೋಡ್ತೀನಿ, ಮಾಂಗಾ ಓದ್ತೀನಿ. ಕತ್ತಿ ಹಿಡಿದು ರಾಕ್ಷಸರನ್ನು ಕೊಲ್ಲುವಂಥದ್ದಲ್ಲ. ಅದಾದರೆ ಈಗ ಮರ್ಯಾದಸ್ತರೂ ಮಲ್ಟಿಪ್ಲೆಕ್ಸಿಗೆ ಹೋಗಿ ನೋಡ್ತಾರೆ. ನಾನು ನೋಡೋದು, ಒಬ್ಬ ಹುಡುಗ ಒಬ್ಬಳು ಹುಡುಗಿಗೆ ಛತ್ರಿ ಕೊಡಲೋ ಬೇಡವೋ ಅಂತ ಇಪ್ಪತ್ತು ನಿಮಿಷ ಒದ್ದಾಡುವಂಥದ್ದು.

ಶುರುವಾಗಿದ್ದು 2011ರಲ್ಲಿ. ಬಿಇ ಮುಗಿಸಿ, ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ಅಡ್ವಾನ್ಸ್ ಕಟ್ಟಿ, ಬಿಟಿಎಂ ಲೇಔಟಿನ ಒಂದು ಮನೆಯಲ್ಲಿ ನಾಲ್ಕು ಜನ ಸೇರಿಕೊಂಡಿದ್ವಿ. ಅದರಲ್ಲೊಬ್ಬ ಹುಬ್ಬಳ್ಳಿಯವನು. ಅವನ ಬಳಿ ಒಂದು ಟಿಬಿ ಹಾರ್ಡ್ ಡಿಸ್ಕ್ ಇತ್ತು, ಅದರೊಳಗೆ ಇಡೀ ಜಪಾನ್ ಇತ್ತು. ನಾನು 'ನರುಟೊ' ಕೊಡು ಅಂದೆ. "ಹೊಡದಾಟ ಆಮ್ಯಾಲ ನೋಡಂತಿ, ಮೊದ್ಲ ಇದನ್ನ ನೋಡಲೇ" ಅಂತ 'ತೊರಾಡೊರಾ' ಕಾಪಿ ಮಾಡಿಕೊಟ್ಟ. 25 ಎಪಿಸೋಡು. ರ್‍ಯೂಜಿ ಅಂತ ಒಬ್ಬ ಹುಡುಗ. ಅವನ ಕಣ್ಣು ನೋಡಿದರೆ ರೌಡಿ ಅಂತ ಎಲ್ಲರೂ ಹೆದರ್ತಾರೆ, ಆದರೆ ಅವನಿಗೆ ಇಷ್ಟ ಅಡುಗೆ ಮಾಡೋದು, ಮನೆ ಗುಡಿಸೋದು. ತೈಗಾ ಅಂತ ಒಬ್ಬಳು ಹುಡುಗಿ. ನಾಲ್ಕೂವರೆ ಅಡಿ ಎತ್ತರ, ನಲವತ್ತು ಅಡಿ ಕೋಪ. ಇವನಿಗೆ ಅವಳ ಗೆಳತಿ ಇಷ್ಟ, ಅವಳಿಗೆ ಇವನ ಗೆಳೆಯ ಇಷ್ಟ. ಒಬ್ಬರಿಗೊಬ್ಬರು ಸಹಾಯ ಮಾಡೋಣ ಅಂತ ಒಪ್ಪಂದ. ಮುಂದೇನಾಗುತ್ತೆ ಅಂತ ಎರಡನೇ ಎಪಿಸೋಡಿಗೇ ಗೊತ್ತಾಗುತ್ತೆ. ಆದರೂ ಶನಿವಾರ ರಾತ್ರಿ ಶುರು ಮಾಡಿದವನು ಭಾನುವಾರ ಬೆಳಗ್ಗೆ ಹಾಲಿನವನು ಬಂದಾಗ ಮುಗಿಸಿದೆ.

ಯಾಕೆ ಹಿಡಿಸಿತು ಅಂತ ಆಗ ಗೊತ್ತಾಗಲಿಲ್ಲ. ಆಮೇಲೆ ಯೋಚನೆ ಮಾಡಿದೆ. ತಿಪಟೂರು ಕಡೆಯ ನಮ್ಮೂರ ಹೈಸ್ಕೂಲಿನಲ್ಲಿ ಹುಡುಗರ ಬೆಂಚು ಬೇರೆ, ಹುಡುಗಿಯರ ಬೆಂಚು ಬೇರೆ. ಯಾವುದಾದರೂ ಹುಡುಗಿ ಹತ್ತಿರ ನೋಟ್ಸ್ ಇಸ್ಕೊಂಡರೆ, ನಾನು ಸೈಕಲ್ ತುಳ್ಕೊಂಡು ಮನೆ ಮುಟ್ಟೋದರೊಳಗೆ ಸುದ್ದಿ ಮುಟ್ಟಿರ್ತಿತ್ತು. ಸಿನಿಮಾದಲ್ಲಿ ನೋಡಿದ ಪ್ರೀತಿಗೂ ನಮಗೂ ಸಂಬಂಧವೇ ಇರಲಿಲ್ಲ. 'ಮುಂಗಾರು ಮಳೆ'ಯ ಪ್ರೀತಮ್ ಎಷ್ಟು ಮಾತಾಡ್ತಾನೆ! ಮಳೆ ಜೊತೆ ಮಾತಾಡ್ತಾನೆ, ಮೊಲದ ಜೊತೆ ಮಾತಾಡ್ತಾನೆ. ನಮಗೆ ಮಾತೇ ಹೊರಡುತ್ತಿರಲಿಲ್ಲ. ಈ ಜಪಾನಿನ ಹುಡುಗರಿಗೂ ಹೊರಡಲ್ಲ. ಎದುರಿಗೆ ನಿಂತಾಗ ಗಂಟಲು ಒಣಗುತ್ತೆ, ಹೇಳಬೇಕಾದ್ದು ಬಿಟ್ಟು ಹವಾಮಾನದ ಬಗ್ಗೆ ಮಾತಾಡಿ ವಾಪಸ್ ಬರ್ತಾರೆ. ನಮ್ಮವರೇ ಇವರು ಅನ್ನಿಸಿತು.

ಇದರಲ್ಲಿ ಒಂದು ನಿಯಮ ಇದೆ. ಜಪಾನಿನ ಶಾಲೆಯ ಪ್ರೇಮಕತೆಗಳಲ್ಲಿ 'ಕೊಕುಹಾಕು' ಅಂತ ಒಂದು ಘಟ್ಟ ಬರುತ್ತೆ. ಅಂದರೆ, ಮನಸ್ಸಲ್ಲಿರೋದನ್ನು ಎದುರಿಗೆ ನಿಂತು ಬಾಯಿಬಿಟ್ಟು ಹೇಳೋದು. ನನಗೆ ನೀನು ಇಷ್ಟ, ನನ್ನ ಜೊತೆ ಇರ್ತೀಯಾ ಅಂತ. ಅದನ್ನು ಹೇಳುವ ತನಕ ಇಬ್ಬರ ನಡುವೆ ಏನೂ ಇಲ್ಲ. ಜೊತೆಗೆ ಊಟ ಮಾಡಿರಲಿ, ಜ್ವರ ಬಂದಾಗ ಗಂಜಿ ಮಾಡಿಕೊಟ್ಟಿರಲಿ, ಲೆಕ್ಕಕ್ಕಿಲ್ಲ. ಹೇಳಿದ ಮೇಲೆ ಅದು ದಾಖಲೆ. ಹಾಗಾಗಿ ಕತೆಯೆಲ್ಲ ಇರೋದು ಹೇಳುವುದಕ್ಕೆ ಮುಂಚೆಯೇ.

ಈ ನಿಯಮವನ್ನೇ ಹಿಡಿದು ಆಟ ಆಡಿದ್ದು 'ಕಾಗುಯಾ-ಸಾಮಾ'. ಅಕಾ ಅಕಸಾಕಾ 2015ರಿಂದ 2022ರವರೆಗೆ ಬರೆದ ಮಾಂಗಾ, 28 ಸಂಪುಟ. ವಿದ್ಯಾರ್ಥಿ ಸಂಘದ ಅಧ್ಯಕ್ಷನಿಗೂ ಉಪಾಧ್ಯಕ್ಷೆಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ. ಆದರೆ ಇಬ್ಬರಿಗೂ ಸೊಕ್ಕು. ಮೊದಲು ಹೇಳಿದವರು ಸೋತ ಹಾಗೆ. ಆದ್ದರಿಂದ ಇನ್ನೊಬ್ಬರ ಬಾಯಿಂದ ಹೇಳಿಸೋಕೆ ದಿನಾ ಒಂದು ಯುದ್ಧ. ಸಿನಿಮಾ ಟಿಕೆಟ್ಟಿಗೆ ಯುದ್ಧ, ಊಟದ ಡಬ್ಬಿಗೆ ಯುದ್ಧ, ಮೊದಲು ಮೆಸೇಜ್ ಐಡಿ ಕೇಳೋದು ಯಾರು ಅನ್ನೋದಕ್ಕೂ ಯುದ್ಧ. ಅನಿಮೆಯಲ್ಲಿ ಪ್ರತಿ ಸುತ್ತು ಮುಗಿದ ಮೇಲೆ ಇವತ್ತು ಗೆದ್ದವರು ಯಾರು ಅಂತ ಒಬ್ಬ ನಿರೂಪಕ ಗಂಭೀರವಾಗಿ ಘೋಷಿಸ್ತಾನೆ, ಕಬಡ್ಡಿ ಕಾಮೆಂಟರಿ ಥರ. ಕೊನೆಗೆ ಆ ಅಧ್ಯಕ್ಷ ಬಾಯಿಬಿಡೋದು ಹೇಗೆ ಗೊತ್ತಾ? ನನ್ನ ಜೊತೆ ಸ್ಟ್ಯಾನ್‌ಫರ್ಡಿಗೆ ಬಾ ಅಂತ ಕೇಳ್ತಾನೆ. ಪ್ರೀತಿ ಹೇಳೋಕೆ ಎಂಎಸ್ ಅಡ್ಮಿಷನ್ ಬಳಸಿದ ಆ ಪುಣ್ಯಾತ್ಮನನ್ನು ನೋಡಿ, ಇವನು ಖಂಡಿತ ನಮ್ಮ ಬ್ಯಾಚಿನವನು ಅಂದ್ಕೊಂಡೆ.

ಹಿಂಬಾಲಿಸೋದು ಅಂದರೆ ಬರೀ ನೋಡೋದಲ್ಲ, ಕಾಯೋದು. ಮಾಂಗಾ ವಾರಕ್ಕೊಂದು ಅಧ್ಯಾಯ, ಇಪ್ಪತ್ತು ಪುಟ ಇದ್ದರೆ ಹೆಚ್ಚು. ಬಲದಿಂದ ಎಡಕ್ಕೆ ಓದಬೇಕು; ಮೊದಲ ವಾರ ನಾನು ಉತ್ತರ ಓದಿ ಆಮೇಲೆ ಪ್ರಶ್ನೆ ಓದ್ತಿದ್ದೆ. ಹತ್ತು ನಿಮಿಷದಲ್ಲಿ ಮುಗಿಯುತ್ತೆ, ಆಮೇಲೆ ಆರು ದಿನ ಇಪ್ಪತ್ಮೂರು ಗಂಟೆ ಐವತ್ತು ನಿಮಿಷ ಕಾಯಬೇಕು. 'ಕ್ವಿಂಟೆಸೆನ್ಷಿಯಲ್ ಕ್ವಿಂಟುಪ್ಲೆಟ್ಸ್' ಬರ್ತಿದ್ದಾಗ ನಮ್ಮ ನಾಲ್ಕು ಜನರ ವಾಟ್ಸಾಪ್ ಗುಂಪು ಚುನಾವಣೆ ಸಮಯದ ಪಂಚಾಯ್ತಿ ಆಗಿತ್ತು. ಐವರು ಅವಳಿ ಸೋದರಿಯರು, ಒಬ್ಬ ಟ್ಯೂಷನ್ ಮೇಷ್ಟ್ರು. ಐವರಲ್ಲಿ ಒಬ್ಬಳನ್ನು ಅವನು ಮದುವೆ ಆಗ್ತಾನೆ ಅಂತ ಮೊದಲೇ ಹೇಳಿ, ಯಾರು ಅನ್ನೋದನ್ನು ಹೆಚ್ಚುಕಮ್ಮಿ ಕೊನೆಯ ತನಕ ಮುಚ್ಚಿಟ್ಟರು. 2020ರಲ್ಲಿ ಮುಗಿದಾಗ ಹುಬ್ಬಳ್ಳಿಯವನು ಎರಡು ವಾರ ಗುಂಪು ಬಿಟ್ಟುಹೋಗಿದ್ದ. ಅವನ ಕ್ಯಾಂಡಿಡೇಟು ಸೋತಿದ್ದಳು.

ಇಷ್ಟರಲ್ಲಿ ನನಗೆ ಜಪಾನಿ ಭಾಷೆಯ ಒಂದು ಸೂಕ್ಷ್ಮ ಕಿವಿಗೆ ಹತ್ತಿತ್ತು. ಅಲ್ಲಿ ಪರಿಚಯದವರನ್ನು ಮನೆತನದ ಹೆಸರಿಂದ ಕರೀತಾರೆ, ಹಿಂದೆ 'ಸಾನ್' ಅಂತಲೋ 'ಕುನ್' ಅಂತಲೋ ಸೇರಿಸಿ. ಸ್ವಂತ ಹೆಸರು ಹಿಡಿದು ಕರೆಯೋಕೆ ಸಲಿಗೆ ಬೇಕು. ಹಾಗಾಗಿ ಬಹಳಷ್ಟು ಸರಣಿಗಳಲ್ಲಿ ಒಂದು ಎಪಿಸೋಡು ಇರುತ್ತೆ. ಅದರಲ್ಲಿ ಏನೂ ನಡೆಯಲ್ಲ, ಹುಡುಗಿ ಮೊದಲ ಸಲ ಹುಡುಗನ ಹೆಸರು ಹೇಳ್ತಾಳೆ, ಅಷ್ಟೇ. ಅವನು ಅಲ್ಲೇ ಕುಸಿದು ಕೂರ್ತಾನೆ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಎಷ್ಟೋ ಸಲ ಮೊದಲಿಂದಲೂ ಸ್ವಂತ ಹೆಸರೇ ಹಾಕಿಬಿಡ್ತಾರೆ, ಇಂಗ್ಲಿಷ್ ಓದೋನಿಗೆ ಅವನು ಯಾಕೆ ಕುಸಿದ ಅಂತಲೇ ತಿಳಿಯಲ್ಲ. ನಮಗೆ ತಿಳಿಯುತ್ತೆ. 'ನೀವು' ಅಂತಿದ್ದವಳು ಒಂದು ದಿನ 'ನೀನು' ಅಂದರೆ ಏನಾಗುತ್ತೆ ಅಂತ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇದನ್ನೆಲ್ಲ ತಮಾಷೆಯಾಗಿಯೇ ನೋಡಿಕೊಂಡಿದ್ದೆ, 2020ರ ತನಕ.

ಲಾಕ್‌ಡೌನ್ ಆಯ್ತು, ಊರಿಗೆ ಬಂದೆ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಪಡಸಾಲೆಯ ಕಿಟಕಿ ಹತ್ತಿರ ಮಾತ್ರ. ಹಗಲು ಅಲ್ಲಿ ಕೂತು ಆಫೀಸ್ ಕೆಲಸ, ರಾತ್ರಿ ಅಲ್ಲೇ ಹಳೇ ಹಾರ್ಡ್ ಡಿಸ್ಕು. ಹೊಸದೆಲ್ಲ ಮುಗಿದಿತ್ತು. ಒಂದು ಮೂಲೆಯಲ್ಲಿ 'ಮೇಸೊನ್ ಇಕ್ಕೊಕು' ಇತ್ತು. ರುಮಿಕೊ ತಕಹಾಶಿ 1980ರಿಂದ 1987ರವರೆಗೆ ಬರೆದದ್ದು. ಅನಿಮೆ 96 ಎಪಿಸೋಡು, 1986ರಲ್ಲಿ ಶುರುವಾದದ್ದು. ನಾನು ಹುಟ್ಟೋಕೆ ಮುಂಚಿನದು ಅಂತ ಅಷ್ಟು ದಿನ ಮುಟ್ಟಿರಲಿಲ್ಲ.

ಟೋಕಿಯೊದ ಒಂದು ಹಳೇ ವಠಾರ, ಗೋಡೆ ತೂತು, ಗಡಿಯಾರ ಕೆಟ್ಟಿದೆ. ಐದನೇ ರೂಮಿನಲ್ಲಿ ಗೊದಾಯ್ ಅಂತ ಒಬ್ಬ ಹುಡುಗ, ಎಂಟ್ರೆನ್ಸ್ ಫೇಲಾಗಿ ಮತ್ತೆ ಕಟ್ಟುತ್ತಿರೋನು. ನಮ್ಮ ಸಿಇಟಿ ರಿಪೀಟ್ ಗಿರಾಕಿಗಳ ಥರ. ಅಕ್ಕಪಕ್ಕದ ರೂಮಿನವರು ದಿನಾ ರಾತ್ರಿ ಇವನ ರೂಮಿಗೇ ಬಂದು ಕುಡಿದು ಗಲಾಟೆ ಮಾಡ್ತಾರೆ. ಅಲ್ಲಿಗೆ ವಠಾರ ನೋಡಿಕೊಳ್ಳೋಕೆ ಕ್ಯೋಕೊ ಅಂತ ಹೊಸಬಳು ಬರ್ತಾಳೆ. ಇವನಿಗಿಂತ ಒಂದೆರಡು ವರ್ಷ ದೊಡ್ಡವಳು. ಇವನು ಮೊದಲ ದಿನವೇ ಮರುಳು. ಆಮೇಲೆ ತಿಳಿಯುತ್ತೆ, ಅವಳು ವಿಧವೆ. ಸ್ಕೂಲು ಮುಗಿಸಿದ್ದೇ ಅಲ್ಲಿ ಪಾಠ ಮಾಡ್ತಿದ್ದವನನ್ನು ಮದುವೆ ಆದವಳು, ಅರ್ಧ ವರ್ಷಕ್ಕೆ ಅವನು ಹೋಗಿಬಿಟ್ಟ. ಅವಳ ಹತ್ತಿರ ಒಂದು ಬಿಳಿ ನಾಯಿ ಇದೆ. ಅದಕ್ಕೆ ಸೊಯಿಚಿರೊ ಅಂತ ತೀರಿಹೋದ ಗಂಡನ ಹೆಸರು.

ನನ್ನ ಬೆನ್ನ ಹಿಂದೆ ಅಕ್ಕ ನಿಂತಿದ್ದಳು. "ಏನೋ ಅದು, ನಾಯಿಗೆ ಯಾಕೆ ಮನುಷ್ಯರ ಹೆಸರು?" ಅಂದಳು.

ಅಕ್ಕ ಅಂದರೆ ದೊಡ್ಡಪ್ಪನ ಮಗಳು. ಒಂದೇ ಮನೆಯಲ್ಲಿ ಬೆಳೆದವರು ನಾವು. ನನಗಿಂತ ನಾಲ್ಕು ವರ್ಷ ದೊಡ್ಡವಳು. 2008ರಲ್ಲಿ ಮದುವೆ ಆಯ್ತು. 2010ರಲ್ಲಿ ಭಾವ ಬೈಕಿನಲ್ಲಿ ಹೋಗುವಾಗ ಹೈವೇಯಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅಕ್ಕ ವಾಪಸ್ ಬಂದಳು. ಪಿಯುಸಿ ಆಗಿತ್ತು, ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯೋ ಕೆಲಸ ಸಿಕ್ಕಿತು. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅಲ್ಲಿ ನಿಂತು ಲೀಟರು, ಫ್ಯಾಟು ಬರೀತಾಳೆ. ಊರಲ್ಲಿ ಯಾರ ಹಸು ಎಷ್ಟು ಕೊಡುತ್ತೆ ಅನ್ನೋದು ಅವಳ ಬಾಯಲ್ಲೇ ಇದೆ.

ನಾಯಿಯ ಕತೆ ಹೇಳಿದೆ. ಆ ನಾಯಿಯನ್ನು ತಂದವನು ಗಂಡನೇ. ಬಿಳಿ ಇದೆ ಅಂತ 'ಶಿರೊ' ಅಂತ ಹೆಸರಿಟ್ಟಿದ್ದ. ಆದರೆ ಅವಳು ಗಂಡನನ್ನು ಕರೆದಾಗೆಲ್ಲ ನಾಯಿಯೇ ಓಡಿಬರ್ತಿತ್ತು. ಅವನು ಹೋದಮೇಲೆ ಆ ಹೆಸರು ನಾಯಿಗೇ ಉಳೀತು. ಅಕ್ಕ ನಕ್ಕಳು. ಕುರ್ಚಿ ಎಳ್ಕೊಂಡು ಕೂತಳು.

ಆವತ್ತಿಂದ ದಿನಾ ರಾತ್ರಿ ಡೈರಿ ಲೆಕ್ಕ ಮುಗಿಸಿ ಬರ್ತಿದ್ದಳು. ನಾನು ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳ್ತಿದ್ದೆ. ಸುಲಭವೇನಲ್ಲ. ಗೊದಾಯ್ ಅವಳನ್ನು ಹೆಸರಿಂದ ಕರೆಯಲ್ಲ, 'ಕನ್ರಿನಿನ್-ಸಾನ್' ಅಂತಾನೆ, ವಠಾರ ನೋಡಿಕೊಳ್ಳುವವರೇ ಅಂತ. 'ಓನರ್ ಆಂಟಿ' ಅಂದರೆ ಕತೆಯೇ ಕೆಟ್ಟುಹೋಗುತ್ತೆ. ಕೊನೆಗೆ 'ಮೇಡಂ' ಅಂತ ಇಟ್ಟುಕೊಂಡ್ವಿ. "ಅವನು ಯಾವಾಗ್ಲೋ ಅವಳ ಹೆಸರು ಹೇಳೋದು?" ಅಂತ ಅಕ್ಕ ದಿನಾ ಕೇಳೋಳು. ಅವಳಿಗೆ ಅದೇ ಮುಖ್ಯ ಅಂತ ನಾನು ಹೇಳಿಕೊಟ್ಟಿರಲಿಲ್ಲ.

ಒಂದು ರಾತ್ರಿ ಕರೆಂಟು ಹೋಯ್ತು. ಇಬ್ಬರೂ ಜಗಲಿ ಮೇಲೆ ಕೂತಿದ್ವಿ. ಅಕ್ಕ ಹೇಳಿದಳು: "ನಾನು ಅವರ ಹೆಸರು ಒಂದಿನವೂ ಹೇಳಿರಲಿಲ್ಲ ಕಣೋ. 'ರೀ' ಅಂತಲೇ. ಬೇರೆಯವರ ಹತ್ರ 'ನಮ್ಮನೆಯವ್ರು'. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಡೆತ್ ಸರ್ಟಿಫಿಕೇಟ್ ಬರೆಸೋವಾಗ. ಕೌಂಟರಲ್ಲಿ ಇದ್ದೋನು 'ಜೋರಾಗಿ ಹೇಳಮ್ಮ' ಅಂದ."

ನನಗೆ ಏನು ಹೇಳಬೇಕು ತಿಳೀಲಿಲ್ಲ. ಒಂಬತ್ತು ವರ್ಷ, ಹೆಸರು ಹಿಡಿದು ಕರೆಯೋ ಎಪಿಸೋಡುಗಳನ್ನು ನೋಡಿ ನೋಡಿ ಖುಷಿಪಟ್ಟಿದ್ದವನು ನಾನು.

ಇಲ್ಲೊಂದು ವಿಷಯ ಹೇಳಬೇಕು. ವಿಧವೆಯರ ಮರುಮದುವೆಗೆ ಈ ದೇಶದಲ್ಲಿ ಕಾನೂನು ಬಂದದ್ದು 1856ರಲ್ಲಿ. ನಮ್ಮ ಪಡಸಾಲೆಗೆ ಅದು 2014ರಲ್ಲೂ ಬಂದು ಮುಟ್ಟಿರಲಿಲ್ಲ. ಆ ವರ್ಷ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡ್ತಿದ್ದ ಒಬ್ಬರು ಅಕ್ಕನನ್ನು ಕೇಳಿಕೊಂಡು ಬಂದರು. ಡೈರಿಗೆ ಬಂದುಹೋಗಿ ಪರಿಚಯ. ಕದ್ದುಮುಚ್ಚಿ ಏನೂ ಅಲ್ಲ. ತಮ್ಮ ತಾಯಿಯನ್ನು ಕರ್ಕೊಂಡು, ಹಣ್ಣು ತಗೊಂಡು ಮನೆಗೇ ಬಂದಿದ್ದರು. ಅವರು ಹೋದಮೇಲೆ ಪಡಸಾಲೆಯಲ್ಲಿ ದೊಡ್ಡವರೆಲ್ಲ ಕೂತರು. ಜನ ಏನಂತಾರೆ, ಸತ್ತವನ ಮನೆಯವರಿಗೆ ಏನು ಹೇಳೋದು, ಇನ್ನೊಬ್ಬಳ ಮದುವೆಗೆ ತೊಂದರೆ ಆಗುತ್ತೆ, ಇಂಥವೇ. ನಾನು ಆ ವಾರ ಊರಿಗೆ ಬಂದಿದ್ದೆ. ದೊಡ್ಡಪ್ಪ ನನ್ನ ಕಡೆ ತಿರುಗಿ, "ನೀನು ಓದ್ದೋನು, ಬೆಂಗಳೂರಲ್ಲಿ ಇರೋನು. ನೀನೇನಂತೀಯ?" ಅಂದರು.

ಅಕ್ಕ ಅಡುಗೆಮನೆ ಬಾಗಿಲ ಹಿಂದೆ ಇದ್ದಳು. ಅವಳ ಬಳೆ ಸದ್ದು ನನಗೆ ಕೇಳಿಸಿತ್ತು.

"ನಿಮ್ಮಿಷ್ಟ ದೊಡ್ಡಪ್ಪ" ಅಂದೆ.

ಅಷ್ಟೇ. ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಕನಿಷ್ಠ ಜಗಳವಾದರೂ ಆಗ್ತಿತ್ತು. ಆವತ್ತು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸ್ ಬರುವಾಗ ಫೋನಿನಲ್ಲಿ ಮಾಂಗಾ ಓದುತ್ತಾ, ಈ ಹುಡುಗ ಯಾಕೆ ಬಾಯಿಬಿಡ್ತಿಲ್ಲ ಅಂತ ಬೈಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಮುಂದಿನ ವರ್ಷ ಆ ಮನುಷ್ಯರಿಗೆ ಬೇರೆ ಕಡೆ ಮದುವೆ ಆಯ್ತು, ವರ್ಗವೂ ಆಯ್ತು.

'ಮೇಸೊನ್ ಇಕ್ಕೊಕು'ವಿನಲ್ಲಿ ಒಬ್ಬ ಮುದುಕರಿದ್ದಾರೆ. ಕ್ಯೋಕೊಳ ಮಾವ, ಸತ್ತವನ ಅಪ್ಪ. ಆ ವಠಾರ ಅವರದ್ದೇ. ಸೊಸೆ ಇನ್ನೊಂದು ಮದುವೆ ಆಗಲಿ, ಚೆನ್ನಾಗಿರಲಿ ಅಂತ ಅವರೇ ಬಯಸ್ತಾರೆ. ಆ ಮನೆತನದ ಹೆಸರು ಒತೊನಾಶಿ. ಅದರ ಅಕ್ಷರಗಳನ್ನು ಬಿಡಿಸಿ ಓದಿದರೆ ಸದ್ದಿಲ್ಲದ್ದು ಅಂತ ಅರ್ಥ. ಆದರೂ ಹೇಳಬೇಕಾದಾಗ ಆ ಮನೆಯ ಹಿರಿಯರು ಹೇಳ್ತಾರೆ. ಅವರ ಮಾತು ಬಂದಾಗೆಲ್ಲ ನಾನು ಸ್ವಲ್ಪ ಬೇಗ ಬೇಗ ಅನುವಾದ ಮಾಡಿ ಮುಂದೆ ಹೋಗ್ತಿದ್ದೆ.

ಅಷ್ಟೂ ಮುಗಿಸೋಕೆ ಎರಡೂವರೆ ತಿಂಗಳು ಹಿಡೀತು. ಆ ಕತೆಯಲ್ಲಿ ಕಾಲ ನಿಲ್ಲಲ್ಲ. ಗೊದಾಯ್ ಕಾಲೇಜು ಸೇರ್ತಾನೆ, ಮುಗಿಸ್ತಾನೆ, ಕೆಲಸ ಸಿಗಲ್ಲ, ಎಲ್ಲೆಲ್ಲೋ ಚಿಕ್ಕಮಕ್ಕಳನ್ನು ನೋಡಿಕೊಳ್ತಾನೆ, ಕೊನೆಗೆ ಶಿಶುವಿಹಾರದ ಮೇಷ್ಟ್ರಾಗ್ತಾನೆ. ಅವನಿಗಿಂತ ಚೆಂದದ, ದುಡ್ಡಿರೋ ಟೆನಿಸ್ ಕೋಚ್ ಒಬ್ಬ ಇದ್ದಾನೆ, ಪಾಪ ಅವನಿಗೆ ನಾಯಿ ಕಂಡರೆ ಆಗಲ್ಲ. ಅಕ್ಕ ಅರ್ಧ ದಾರಿ ಅವನ ಪಕ್ಷ. ಕೊನೆಕೊನೆಗೆ ಗೊದಾಯ್ ಒಬ್ಬನೇ ಸೊಯಿಚಿರೊನ ಸಮಾಧಿ ಹತ್ತಿರ ಹೋಗಿ ಮಾತಾಡ್ತಾನೆ. ನಿನ್ನನ್ನು ಮರೆಸೋದಿಲ್ಲ, ಅವಳ ಮನಸ್ಸಲ್ಲಿರೋ ನಿನ್ನನ್ನೂ ಸೇರಿಸಿಕೊಂಡೇ ಅವಳನ್ನು ಕರ್ಕೊಂಡು ಹೋಗ್ತೀನಿ ಅನ್ನೋ ಅರ್ಥದಲ್ಲಿ. ಮದುವೆಗೆ ಒಪ್ಪುವಾಗ ಕ್ಯೋಕೊ ಕೇಳೋದು ಒಂದೇ: ನನಗಿಂತ ಒಂದು ದಿನವಾದರೂ ಹೆಚ್ಚು ಬದುಕು.

ಅದನ್ನು ಕನ್ನಡದಲ್ಲಿ ಹೇಳೋಕೆ ನನ್ನ ಗಂಟಲು ಕಟ್ಟಿತು. ಅಕ್ಕ ಸಬ್‌ಟೈಟಲ್ ಅಷ್ಟೊತ್ತಿಗೆ ತಾನೇ ಓದೋಳು. ಎದ್ದುಹೋಗಿ ನೀರು ಕುಡಿದು ಬಂದಳು.

ಆಗ ಹೇಳಿದೆ. "ಆವತ್ತು ದೊಡ್ಡಪ್ಪ ಕೇಳಿದಾಗ ನಾನು ಮಾತಾಡ್ಬೇಕಿತ್ತು ಅಕ್ಕ. ತಪ್ಪಾಯ್ತು."

ಯಾವತ್ತು ಅಂತ ಅವಳು ಕೇಳಲಿಲ್ಲ. ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ನೋಡ್ತಾ ಕೂತಿದ್ದಳು. "ನೀನು ಹೇಳಿದ್ರೂ ಅವ್ರು ಕೇಳ್ತಿರ್ಲಿಲ್ಲ ಬಿಡು" ಅಂದಳು. ನನಗೆ ಹಗುರಾಯ್ತು ಅನ್ನೋಷ್ಟರಲ್ಲಿ, "ಆದ್ರೆ ಒಬ್ರಾದ್ರೂ ಹೇಳಿದ್ರು ಅಂತ ನಂಗೆ ಇರ್ತಿತ್ತು" ಅಂದಳು.

ಈ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ರೊಮ್ಯಾಂಟಿಕ್ ಕಾಮಿಡಿಯಲ್ಲಿ ಹೇಳೋದು ತಡವಾದರೆ ಇನ್ನೊಂದು ಸೀಸನ್ ಬರುತ್ತೆ. ಮನೆಯಲ್ಲಿ ಬರಲ್ಲ. ಇನ್ನೂ ಒಂದು ವಿಷಯ ಆಮೇಲೆ ಹೊಳೀತು. ಕೊಕುಹಾಕು ಅಂದರೆ ಪ್ರೀತಿಸಿದವರಿಗೆ ಮಾತ್ರ ಅಂದುಕೊಂಡಿದ್ದೆ. ಪಡಸಾಲೆಯಲ್ಲಿ ನಿನ್ನ ಅಭಿಪ್ರಾಯ ಏನು ಅಂತ ಕೇಳಿದಾಗ ಹೇಳೋದೂ ಅದೇ ಜಾತಿಯದ್ದು. ಹೇಳುವ ತನಕ ಮನಸ್ಸಲ್ಲಿ ಏನಿದ್ದರೂ ಲೆಕ್ಕಕ್ಕಿಲ್ಲ. ನಾನು ಅಕ್ಕನ ಪರ ಇದ್ದೆ ಅನ್ನೋದು ನನಗೊಬ್ಬನಿಗೇ ಗೊತ್ತಿತ್ತು.

ಅಕ್ಕ ಈಗ ನನಗಿಂತ ದೊಡ್ಡ ಫ್ಯಾನು. ಫೋನಿನಲ್ಲೇ ನೋಡ್ತಾಳೆ, ಇಂಗ್ಲಿಷ್ ಓದೋ ವೇಗ ಜಾಸ್ತಿಯಾಗಿದೆ. ಐವರು ಸೋದರಿಯರ ಕತೆ ಅರ್ಧಕ್ಕೇ ಬಿಟ್ಟಳು, "ಮೇಷ್ಟ್ರಿಗೆ ಬೇರೆ ಕೆಲಸ ಇಲ್ವಾ" ಅಂತ. ಅವಳಿಗೆ ಇಷ್ಟವಾದದ್ದು 'ಕಿಮಿ ನಿ ತೊದೊಕೆ'. ಉದ್ದ ಕೂದಲ ಸವಾಕೊ ಅನ್ನೋ ಹುಡುಗಿಯನ್ನು ನೋಡಿ ಕ್ಲಾಸಿನವರೆಲ್ಲ ದೆವ್ವ ಅಂತ ಹೆದರೋದು, ಒಬ್ಬ ಹುಡುಗ ಮಾತ್ರ ಹೆದರದೇ ಮಾತಾಡಿಸೋದು. ಅದರ ಎರಡನೇ ಸೀಸನ್ ಬಂದದ್ದು 2011ರಲ್ಲಿ, ಮೂರನೆಯದು 2024ರಲ್ಲಿ. ಮೂರನೆಯದು ಬಂದ ವಾರ ಅಕ್ಕ ಫೋನ್ ಮಾಡಿ, "ಹದಿಮೂರು ವರ್ಷ ಜನರನ್ನ ಕಾಯಿಸಿದ್ರೇನೋ? ಹಾಲಾಗಿದ್ರೆ ಒಡೆದುಹೋಗಿರೋದು" ಅಂದಳು.

ಇದನ್ನು ಬರೆಯೋ ಮುಂಚೆ ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಾಕು. ನನ್ನ ಹೆಸರು ಹಾಕಬೇಡ" ಅಂದಳು. ಆಮೇಲೆ, "ಆ ಮ್ಯಾನೇಜರಿಗೆ ನಿಜ ಹೇಳ್ದೇನೋ?" ಅಂತ ಕೇಳಿದಳು.

ಇನ್ನೂ ಇಲ್ಲ ಅಂದೆ.

"ನಾಳೆ ಹೋಗಿ ಹೇಳು" ಅಂದಳು.